ನಕ್ಷತ್ರದ ಮರೆ

ತ್ಯಾವರೆಕೊಪ್ಪ ಎಂದರೆ ಹುಲಿ, ಸಿಂಹ ನೋಡುವ ಜಾಗ ಎಂದೇ ಜನರಿಗೆ ಗೊತ್ತು. 1988ರಿಂದ ಅಲ್ಲಿ ಆ ಧಾಮವಿದೆ. ನಮಗೆ ಅದು ಮನೆಯಿರುವ ಊರು. ಒಂದು ದಿನ ಅತ್ತೆಯೂ ನಾನೂ ಬಸ್ಸು ಹತ್ತಿ ಶಿವಮೊಗ್ಗದ ಎಟಿಎಂ ಒಂದಕ್ಕೆ ಹೋದೆವು. ಹಾಲು ಮಾರಿ ಅತ್ತೆ ಕೂಡಿಟ್ಟ ಹಣ. ಅದುವರೆಗೆ ತೆಗೆದು ತರುತ್ತಿದ್ದವರು ಅವರ ಮಗ.

ಅತ್ತೆ ಒಂದು ಅಂಕಿ ಒತ್ತಿದರು. ಪರದೆಯಲ್ಲಿ ನಕ್ಷತ್ರ ಬಂತು. "ಇದೇನೇ, ಒತ್ತಿದ್ದೊಂದು, ಬಂದದ್ದೊಂದು!" ಎಂದು ಮತ್ತೆ ಅದನ್ನೇ ಒತ್ತಿದರು. ನಾಲ್ಕು ನಕ್ಷತ್ರ ತುಂಬಿದ ಮೇಲೆ ಸಂಖ್ಯೆ ತಪ್ಪು ಎಂದಿತು ಯಂತ್ರ. ಎಲ್ಲಿ ತಪ್ಪಿತೆಂದು ನಕ್ಷತ್ರ ಹೇಳೀತೆ?

ಈ ಮರೆಗೂ ಒಂದು ಚರಿತ್ರೆಯಿದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸತೊಡಗಿದಾಗ ಪಾಸ್‌ವರ್ಡ್ ಬೇಕಾಯಿತು. ಒತ್ತಿದ್ದೆಲ್ಲ ಆಗ ಬೆರಳಚ್ಚಿನಂತೆ ಕಾಗದದ ಮೇಲೆ ಮೂಡುತ್ತಿತ್ತು. ಪಾಸ್‌ವರ್ಡ್ ಒತ್ತುವಾಗ ಮಾತ್ರ ಅಚ್ಚಾಗದಂತೆ ಮಾಡಿದರು. ಹಾಗೆ ಮಾಡಲಾಗದ ಯಂತ್ರಗಳಲ್ಲಿ ಮೊದಲೇ ಅಕ್ಷರದ ಮೇಲೆ ಅಕ್ಷರ ಹೊಡೆದು, ಆ ಕಪ್ಪಿನ ಮೇಲೆ ಪಾಸ್‌ವರ್ಡ್ ಬೀಳುವಂತೆ ಮಾಡುತ್ತಿದ್ದರು. ಪರದೆ ಬಂದ ಮೇಲೂ ಯುನಿಕ್ಸ್ ಏನನ್ನೂ ತೋರಿಸಲಿಲ್ಲ. ಎಷ್ಟು ಅಕ್ಷರ ಎಂಬುದೂ ಗುಟ್ಟೇ. ಆದರೆ ಒತ್ತಿದ್ದು ತಲುಪಿತೋ ಇಲ್ಲವೋ ಎಂಬ ಅನುಮಾನ ಒತ್ತಿದವರಿಗೆ ಉಳಿಯುತ್ತದೆ. ಅಕ್ಷರಕ್ಕೊಂದು ನಕ್ಷತ್ರ ಆ ಅನುಮಾನ ತೀರಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಕ್ಷತ್ರ ಹೋಗಿ ದುಂಡು ಚುಕ್ಕಿ ಬಂತು. ಮೊಬೈಲಿನಲ್ಲಿ ಕೊನೆಯ ಅಕ್ಷರ ಕ್ಷಣ ಹೊತ್ತು ಕಂಡು ಚುಕ್ಕಿಯಾಗುವುದುಂಟು. 2009ರಲ್ಲಿ ಯಾಕೋಬ್ ನೀಲ್ಸನ್ ಎಂಬ ತಜ್ಞರು, ಕಾಣದೆ ಒತ್ತಿದರೆ ತಪ್ಪು ಹೆಚ್ಚು, ಈ ಮರೆಯೇ ಬೇಡ ಎಂದು ಬರೆದರು. ಅತ್ತೆ ಕೇಳಿದ್ದರೆ ಹೌದೆನ್ನುತ್ತಿದ್ದರು.

ಅಂದು ನಾನು ಹೇಳಿದ್ದು ಇಷ್ಟೇ: "ಅತ್ತೆ, ಒಂದು ನಕ್ಷತ್ರ ಬಂದರೆ ನಿಮ್ಮ ಒಂದು ಅಂಕಿ ಒಳಗೆ ಹೋಯಿತು ಅಂತ. ಪಕ್ಕದವರಿಗೆ ಕಾಣಬಾರದು ಅಂತ ಹೀಗೆ."

"ಮನೆಯವರಿಗೆಲ್ಲ ಗೊತ್ತಿರೋ ನಂಬರಿಗೆ ಮರೆ ಯಾಕೆ?" ಎಂದರು.

ನಾನು ಸುಮ್ಮನಾದೆ. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ ಹಣಕ್ಕಿದ್ದಷ್ಟು ಮರೆಯೂ ಈ ಹಣಕ್ಕಿರಲಿಲ್ಲ.

ಮುಂದಿನ ತಿಂಗಳು ಅತ್ತೆ ಸಂಖ್ಯೆ ಬದಲಾಯಿಸಿದರು. ಯಂತ್ರದ ಮುಂದೆ ನಿಂತು, "ನೀನೂ ಆ ಕಡೆ ತಿರುಗು" ಎಂದರು. ತಿರುಗಿ ನಿಂತೆ. ಬೆನ್ನ ಹಿಂದೆ ಮೆಲ್ಲಗೆ ಎಣಿಸುತ್ತಿದ್ದರು: "ಒಂದು, ಎರಡು, ಮೂರು... ನಾಲ್ಕೂ ಬಂತು."