ರುಮಾಲಿನ ಬಣ್ಣ ಯಾವುದು?

ರಜೆಯಲ್ಲಿ ಊರಿಗೆ ಬಂದಿದ್ದ ನೆರೆಮನೆಯ ಹುಡುಗ ಒಂದು ಸಂಜೆ ಅಂಗೈಯಗಲದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟ. ಶಾರ್ಜಾದಲ್ಲಿ ಅವನಿಗೆ ಕೆಲಸ. ಬಿಡುವು ಸಿಕ್ಕಾಗ ಸೈನಿಕರ ಪುಟ್ಟ ಬೊಂಬೆಗಳನ್ನು ಜೋಡಿಸಿ ಬಣ್ಣ ಹಚ್ಚುವ ಹುಚ್ಚು. ಪೆಟ್ಟಿಗೆಯ ಮೇಲೆ ಹಳದಿ ಕಪ್ಪು ಪಟ್ಟೆಯ ಅಂಗಿ ತೊಟ್ಟು, ಕಣ್ಣು ಕೆರಳಿಸಿಕೊಂಡು ನಿಂತ ಉದ್ದ ಗಡ್ಡದ ಆಸಾಮಿಯ ಚಿತ್ರ. ಟಿಪ್ಪು ಸುಲ್ತಾನನ ಸೈನ್ಯದ ರಾಕೆಟ್ ಸಿಪಾಯಿ, 1799 ಎಂಬರ್ಥದ ಬರಹ. ತಯಾರಿಸಿದ್ದು ಯುರೋಪಿನ ಯಾವುದೋ ಸಣ್ಣ ಕಂಪನಿ.

“ಮಾಮ, ಇದು ಸರಿ ಉಂಟಾ ನೋಡಿ. ಬಣ್ಣ ಹಚ್ಚುವ ಮೊದಲು ನಿಮ್ಮ ಹತ್ರ ಒಮ್ಮೆ ಕೇಳುವ ಅಂತ ಬಂದೆ.”

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಮೈಸೂರು ಯುದ್ಧಗಳ ಇಸವಿಗಳನ್ನು ನೂರಾರು ಮಕ್ಕಳಿಂದ ಬರೆಸಿದ್ದೇನೆ, ಒಪ್ಪಂದಗಳ ಷರತ್ತುಗಳನ್ನು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಟಿಪ್ಪುವಿನ ಸಿಪಾಯಿ ಕಾಲಿಗೆ ಏನು ಮೆಟ್ಟುತ್ತಿದ್ದ, ತಲೆಗೆ ಏನು ಸುತ್ತುತ್ತಿದ್ದ ಎಂದು ಒಬ್ಬ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಬಣ್ಣ ಹಚ್ಚುವವನಿಗೆ ಮಾತ್ರ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಅವನು ಒಂದು ಚಪ್ಪಲಿಯನ್ನೂ ಅಸ್ಪಷ್ಟವಾಗಿ ಬಿಡುವಂತಿಲ್ಲ.

ಮೊದಲು ಬೊಂಬೆಯ ಮೈಯನ್ನೇ ನೋಡಿದೆವು. ರೆಸಿನ್ ಎಂದರೆ ಎರಡು ದ್ರವಗಳನ್ನು ಬೆರೆಸಿ ರಬ್ಬರಿನ ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿದ ಪ್ಲಾಸ್ಟಿಕ್. ಹಿಂದೆ ಇಂಥ ಸೈನಿಕರನ್ನು ತವರ, ಸೀಸಗಳಲ್ಲಿ ಎರೆಯುತ್ತಿದ್ದರು. 1893ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ ಟೊಳ್ಳು ಸೀಸದ ಸೈನಿಕರನ್ನು ಅಗ್ಗಕ್ಕೆ ಮಾರತೊಡಗಿದ ಮೇಲೆ ಅವು ಮನೆಮನೆಯ ಮಕ್ಕಳ ಕೈಗೆ ಬಂದವು. ರೆಸಿನ್ ಬೊಂಬೆ ಮಕ್ಕಳದ್ದಲ್ಲ, ದೊಡ್ಡವರ ಹವ್ಯಾಸದ್ದು. ರಬ್ಬರಿನ ಅಚ್ಚು ಕೂದಲೆಳೆಯಷ್ಟು ಸೂಕ್ಷ್ಮವನ್ನೂ ಹಿಡಿದಿಡುತ್ತದೆ. ಹುಡುಗ ನನಗೆ ಪಾಠ ಹೇಳಿದ: ಅಚ್ಚಿನ ಎರಡು ಭಾಗ ಕೂಡುವಲ್ಲಿ ಗೆರೆ ಎದ್ದಿದೆಯೇ, ಗಾಳಿಗುಳ್ಳೆ ಕೂತು ಬೆರಳ ತುದಿಯಲ್ಲೋ ಮೂಗಿನಲ್ಲೋ ಗುಳಿ ಬಿದ್ದಿದೆಯೇ, ತೆಳ್ಳಗಿನ ಭಾಗ ಬಾಗಿದೆಯೇ. ಬಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಬಹುದು. ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಹಚ್ಚಿದ ಜಿಡ್ಡನ್ನು ಸಾಬೂನು ನೀರಿನಲ್ಲಿ ತೊಳೆಯದಿದ್ದರೆ ಬಣ್ಣ ಕೂರುವುದಿಲ್ಲ. ಉಜ್ಜುವಾಗ ಒದ್ದೆ ಮಾಡಿಯೇ ಉಜ್ಜಬೇಕು, ಒಣ ಪುಡಿ ಶ್ವಾಸಕೋಶಕ್ಕೆ ಕೇಡು. ಈ ಎಲ್ಲ ಪರೀಕ್ಷೆಗಳಲ್ಲಿ ನಮ್ಮ ಸಿಪಾಯಿ ಒಳ್ಳೆಯ ಅಂಕಗಳಿಂದ ಪಾಸಾದ. ನಡುಪಟ್ಟಿಯ ಮಡಿಕೆಗಳು, ತೋಟಾ ಇಡುವ ಚರ್ಮದ ಚೀಲ, ಬಂದೂಕಿನ ಕುದುರೆ ಎಲ್ಲವೂ ಭೂತಗನ್ನಡಿಯಲ್ಲಿ ನೋಡುವ ಹಾಗಿದ್ದವು. ಮಾಡಿದವನ ಕೈಚಳಕಕ್ಕೆ ನಾನು ತಲೆದೂಗಿದೆ.

ಆಮೇಲೆ ಅಂಗಿಗೆ ಬಂದೆವು.

ಟಿಪ್ಪುವಿನ ಕಾಲಾಳುಗಳ ಉಡುಪಿನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನ ಶತ್ರುಗಳಿಂದ ಬಂದದ್ದು. ಮೂರನೇ ಮೈಸೂರು ಯುದ್ಧದಲ್ಲಿ ಕಾದಿದ ಇಂಗ್ಲಿಷರ ಬರಹಗಳಲ್ಲಿ ಅದರ ವಿವರ ಸಿಗುತ್ತದೆ. ನೇರಳೆ ಬಣ್ಣದ ಉಣ್ಣೆ ಬಟ್ಟೆ, ಅದರ ಮೇಲೆ ಬಿಳಿಯ ಹರಳಿನಾಕಾರದ ಗುರುತುಗಳು. ಇಂಗ್ಲಿಷರು ಅದನ್ನು ಹುಲಿಯಂಗಿ ಎಂದೇ ಕರೆದರು. ತಲೆಗೆ ಕೆಂಪು ಮಸ್ಲಿನ್ ರುಮಾಲು, ಸೊಂಟಕ್ಕೆ ಅದೇ ಬಣ್ಣದ ನಡುಪಟ್ಟಿ. ಕಾಲು ಬರಿಗಾಲು, ಅಥವಾ ಸಾದಾ ಮೆಟ್ಟು. ಚರ್ಮದ ಸಾಮಾನು ನಾಡಿನಲ್ಲೇ ಮಾಡಿದ್ದು, ಕಪ್ಪು ಬಣ್ಣದ್ದು. ಬಂದೂಕು ಕೆಲವು ಫ್ರೆಂಚರದು, ಉಳಿದವು ಟಿಪ್ಪುವಿನದೇ ಕಾರ್ಖಾನೆಗಳವು.

ಆ ಗುರುತಿನ ಹೆಸರು ಬುಬ್ರಿ. ನಡುವೆ ಉಬ್ಬಿ ಎರಡೂ ತುದಿ ಚೂಪಾದ, ಹುಲಿಯ ಪಟ್ಟೆಯನ್ನು ತುಂಡರಿಸಿದಂಥ ಆಕಾರ. ಟಿಪ್ಪುವಿನ ಕತ್ತಿಯ ಹಿಡಿಯಿಂದ ಬಂದೂಕಿನವರೆಗೆ ಎಲ್ಲೆಲ್ಲೂ ಇದೇ ಗುರುತು. ಬೊಂಬೆ ಮಾಡಿದವನು ಹುಲಿ ಎಂದದ್ದನ್ನು ಕೇಳಿ ನಿಜವಾದ ಹುಲಿಯ ಚರ್ಮವನ್ನೇ ಹೊದೆಸಿದ್ದಾನೆ. ಪಟ್ಟೆಗಳನ್ನು ಹಳದಿ ಕಪ್ಪಿನಲ್ಲಿ ತೋರಿಸಿದ್ದು ಪೆಟ್ಟಿಗೆಯ ಚಿತ್ರದ ತಪ್ಪು ಮಾತ್ರವಾಗಿದ್ದರೆ ಕುಂಚದಿಂದ ತಿದ್ದಬಹುದಿತ್ತು. ಆದರೆ ಅಂಗಿಯ ಮೇಲೆ ಅವನ್ನು ಉಬ್ಬುಗೆತ್ತನೆಯಾಗಿ ಎಬ್ಬಿಸಿಬಿಟ್ಟಿದ್ದಾನೆ. ಬಟ್ಟೆಯಲ್ಲಿ ಕೂತ ಗುರುತು ಮೈಮೇಲೆ ಎದ್ದ ಬಾಸುಂಡೆಯಂತೆ ಕಾಣುತ್ತಿತ್ತು. ಕಾಲಲ್ಲಂತೂ ಅಲ್ಲಾವುದ್ದೀನನ ಕತೆಯ ಸಿನಿಮಾದಲ್ಲಿ ನೋಡಿದಂಥ ಮೂತಿ ಸುರುಳಿಯಾದ ಜೋಡು!

ಕೈಯಲ್ಲಿದ್ದ ರಾಕೆಟನ್ನು ಅಳೆದು ನೋಡೋಣ ಎಂದೆ. ಹುಡುಗನ ಹತ್ತಿರ ಅಳೆಯುವ ಕ್ಯಾಲಿಪರ್ ಇತ್ತು. ಬೊಂಬೆಯ ಎತ್ತರ 75 ಮಿಲಿಮೀಟರ್. ಮನುಷ್ಯನನ್ನು ಐದೂವರೆ ಅಡಿ ಎಂದಿಟ್ಟುಕೊಂಡರೆ ಸುಮಾರು 22ರಲ್ಲಿ ಒಂದು ಪಾಲು. ರಾಕೆಟಿನ ಕೊಳವೆ 19 ಮಿಲಿಮೀಟರ್ ಇತ್ತು, ಎಂದರೆ ನಿಜದಲ್ಲಿ 42 ಸೆಂಟಿಮೀಟರ್.

ಇಲ್ಲಿ ನಾವು ಇಂಗ್ಲಿಷರ ಬರಹಕ್ಕೆ ಕಾಯಬೇಕಾಗಿಲ್ಲ. 2018ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಕೆಸರು ತೆಗೆದಾಗ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. 2002ರಲ್ಲೂ ಅದೇ ಸುತ್ತಿನಲ್ಲಿ ಒಂದಷ್ಟು ಸಿಕ್ಕಿದ್ದವು. ಪುರಾತತ್ವ ಇಲಾಖೆಯವರು ಅಳೆದಾಗ ಉದ್ದ 23ರಿಂದ 26 ಸೆಂಟಿಮೀಟರ್. ಹಾಗಾದರೆ ಬೊಂಬೆಯ ಕೊಳವೆ 11 ಮಿಲಿಮೀಟರ್ ಇದ್ದರೆ ಸಾಕು. ಅಲ್ಲದೆ ಅದಕ್ಕೆ ದೀಪಾವಳಿಯ ರಾಕೆಟಿನಂತೆ ಚೂಪು ಮೂತಿ ಇಟ್ಟಿದ್ದರು. ಮೈಸೂರಿನ ಬಾಣಕ್ಕೆ ಮೂತಿಯಿರಲಿಲ್ಲ. ಮದ್ದು ತುಂಬಿದ ಮೋಟು ಕೊಳವೆ, ಅದನ್ನು ಚರ್ಮದ ಪಟ್ಟಿಯಿಂದ ಉದ್ದನೆಯ ಬಿದಿರಿಗೋ ಕತ್ತಿಯಲಗಿಗೋ ಬಿಗಿಯುತ್ತಿದ್ದರು. ಅಷ್ಟೇ. ಮಿಕ್ಕಿದ್ದು ಕಬ್ಬಿಣದ ಗುಣ. ಕಾಗದದ ಕೊಳವೆಯಾದರೆ ಒಡೆಯುವಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು, ಅದರಿಂದಲೇ ಬಾಣ ಒಂದು ಕಿಲೋಮೀಟರಿನಾಚೆಗೂ ಹೋಗುತ್ತಿತ್ತು. 1799ರ ಬಳಿಕ ಈ ಕೊಳವೆಗಳು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದವು, ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಮಾದರಿಯಾಗಿಟ್ಟುಕೊಂಡು ತನ್ನ ರಾಕೆಟ್ ಮಾಡಿದ. ಟಿಪ್ಪುವಿಗಾಗಿ ಜೈನುಲ್ ಆಬಿದೀನ್ ಶುಸ್ತರಿ ಪಾರಸಿಯಲ್ಲಿ ಬರೆದ ಸೇನಾ ಕೈಪಿಡಿ ‘ಫತ್‌ಹುಲ್ ಮುಜಾಹಿದೀನ್’ ಪ್ರಕಾರ ಪ್ರತಿ ಕುಶೂನಿಗೆ, ಅಂದರೆ ದೊಡ್ಡ ದಳಕ್ಕೆ, 200 ಮಂದಿ ಬಾಣದವರು. ನಮ್ಮ ಮೇಜಿನ ಮೇಲಿದ್ದವನು ಆ 200ರಲ್ಲೊಬ್ಬ.

ಇವನನ್ನು ಕಂಡು ಚಿತ್ರಿಸಿದವನೊಬ್ಬನಿದ್ದಾನೆ, ರಾಬರ್ಟ್ ಹೋಮ್. 1791ರಲ್ಲಿ ಮದರಾಸಿಗೆ ಬಂದು ಕಾರ್ನ್‌ವಾಲಿಸನ ದಂಡಿನ ಜತೆ ಮೈಸೂರಿನೊಳಗೆ ನಡೆದ ಇಂಗ್ಲಿಷ್ ಚಿತ್ರಕಾರ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿಕೊಂಡ 1792ರ ದೃಶ್ಯವನ್ನು ದೊಡ್ಡ ತೈಲಚಿತ್ರ ಮಾಡಿದವನು ಇವನೇ. ಮೈಸೂರಿನ ಸಿಪಾಯಿಯೊಬ್ಬ ರಾಕೆಟಿನ ಬಿದಿರನ್ನೇ ಧ್ವಜದ ಕೋಲಾಗಿ ಹಿಡಿದು ನಿಂತ ಅವನ ಚಿತ್ರ ಪ್ರಸಿದ್ಧವಾದದ್ದು. ಬೊಂಬೆಯ ನಿಲುವು ಅದನ್ನೇ ನೋಡಿ ಮಾಡಿದ್ದು ಎಂಬುದು ನನಗೆ ಕೂಡಲೇ ಹೊಳೆಯಿತು.

ನಮ್ಮವರು ಬರೆದದ್ದು ಏನೂ ಇಲ್ಲವೇ ಎಂದು ಹುಡುಗ ಕೇಳಿದ. ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ, ಟಿಪ್ಪು ನಿರಾಳವಾಗಿ ಗುಲಾಬಿ ಮೂಸುತ್ತಿದ್ದಾನೆ. ಸೈನಿಕರೋ ಒಂದೇ ಅಚ್ಚಿನಿಂದ ತೆಗೆದಂತೆ ಸಾಲುಸಾಲು. ನಾಯಕರಿಗೆ ಮುಖವಿದೆ, ಸಿಪಾಯಿಗೆ ಸಾಲು ಮಾತ್ರ. ಅದೂ ಮೂಲದ ಬಣ್ಣವಾಗಿ ಉಳಿದಿಲ್ಲ. 1799ರ ಬಳಿಕ ಆ ಅರಮನೆಯಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರವನ್ನು ದುರಸ್ತಿ ಮಾಡಿಸಿದ, ಮತ್ತೆ ಡಾಲ್‌ಹೌಸಿಯ ಕಾಲದಲ್ಲಿ ಅದನ್ನು ಹೊಸದಾಗಿ ಬರೆಸಲಾಯಿತು. ಗೆದ್ದವರು ತಮ್ಮ ಸೋಲಿನ ಚಿತ್ರಕ್ಕೆ ತಾವೇ ಬಣ್ಣ ಹಾಕಿಸಿದರು! ಅದಕ್ಕಾಗಿ ಅವರಿಗೆ ಕೃತಜ್ಞರಾಗಿರಬೇಕು, ಆದರೆ ರುಮಾಲಿನ ಬಣ್ಣಕ್ಕೆ ಆ ಗೋಡೆಯನ್ನು ಸಾಕ್ಷಿ ಕರೆಯಲಾಗದು.

ಮೈಸೂರಿನವರಿಗೂ ಎದುರಾಳಿಯ ಉಡುಪಿನ ಮೇಲೆ ಕಣ್ಣಿತ್ತು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಟಿಪ್ಪುವಿನ ಮರದ ಹುಲಿಯ ಕೆಳಗೆ ಮಲಗಿರುವ ಬಿಳಿಯನನ್ನು ನೋಡಿ. ಕಪ್ಪು ಹ್ಯಾಟು, ಕೆಂಪು ಕೋಟು. ಹಿಡಿ ತಿರುಗಿಸಿದರೆ ಅವನು ಕೈಯೆತ್ತಿ ನರಳುತ್ತಾನೆ. ಹೋಮ್ ಕಾಗದದಲ್ಲಿ ಮಾಡಿದ್ದನ್ನು ಇಲ್ಲಿನ ಬಡಗಿ ಮರದಲ್ಲಿ ಮಾಡಿದ್ದ.

“ರುಮಾಲಿಗೆ ಹಸಿರು ಹಚ್ಚುವ ಅಂತ ಇದ್ದೆ ಮಾಮ” ಎಂದ ಹುಡುಗ. ಹಸಿರು ಬಣ್ಣದ ಶೀಶೆಯೂ ಅವನ ಚೀಲದಲ್ಲಿತ್ತು.

“ಹಸಿರು ಯಾಕೆ?”

“ನಮ್ಮವನಲ್ವಾ?”

ಮಾತು ನಿಜವಾಗಿ ಆರಂಭವಾದದ್ದು ಇಲ್ಲಿ. ಕಂಪನಿಯವರು ಉದ್ದ ಗಡ್ಡ, ಕೊಕ್ಕೆ ಮೂಗು, ಸುರುಳಿ ಜೋಡು ಇಟ್ಟದ್ದೂ ಇದೇ ಎಣಿಕೆಯಿಂದ. ಅವರಿಗೆ ಅವನು ಪೂರ್ವದೇಶದ ಮುಸಲ್ಮಾನ, ಹುಡುಗನಿಗೆ ನಮ್ಮವನು. ಇಬ್ಬರೂ ಒಡೆಯನ ಧರ್ಮವನ್ನು ಸಿಪಾಯಿಯ ತಲೆಗೆ ಸುತ್ತಿದ್ದರು.

ಟಿಪ್ಪುವಿನ ಪಟಾಲಮುಗಳಲ್ಲಿ ಇದ್ದವರು ಯಾರು? ಮುಸಲ್ಮಾನರಿದ್ದರು, ನಿಜ. ಅವರ ಪಕ್ಕದಲ್ಲೇ ಬೇಡರಿದ್ದರು, ಮರಾಠರಿದ್ದರು, ರಜಪೂತರಿದ್ದರು. ಒಡೆಯರ ಕಾಲದಿಂದ ಬಂದ ಕಂದಾಚಾರದ ಕಾಲಾಳುಗಳು ಉಳುಮೆ ಮಾಡಿಕೊಂಡೇ ಕರೆ ಬಂದಾಗ ಆಯುಧ ಹಿಡಿಯುವ ಒಕ್ಕಲು ಮಕ್ಕಳು. ಇನ್ನೊಂದು ಬಗೆಯವರೂ ಇದ್ದರು, ಅವರ ಬಗ್ಗೆ ನಾವು ಮಾತಾಡುವುದು ಕಡಿಮೆ. 1779ರಲ್ಲಿ ಹೈದರ್ ಚಿತ್ರದುರ್ಗವನ್ನು ಗೆದ್ದಾಗ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಗಂಡುಹುಡುಗರನ್ನು ಚೇಲಾ ಪಟಾಲಮಿಗೆ ಸೇರಿಸಿದ ಎಂದು ವಿಲ್ಕ್ಸ್ ಬರೆದಿದ್ದಾನೆ. ಕೊಡಗಿನಿಂದ ಹಿಡಿದು ತಂದವರನ್ನು ಮತಾಂತರಿಸಿ ಅಹ್ಮದಿ ದಳಗಳನ್ನು ಮಾಡಲಾಯಿತು. 1784ರಲ್ಲಿ ನಮ್ಮ ಈ ಕರಾವಳಿಯಿಂದ ಸೆರೆಯಾಗಿ ಘಟ್ಟ ಹತ್ತಿದ ಕ್ರೈಸ್ತ ಕುಟುಂಬಗಳ ಹರೆಯದ ಹುಡುಗರಲ್ಲೂ ಹಲವರು ಸೈನ್ಯಕ್ಕೆ ಸೇರಿಸಲ್ಪಟ್ಟರು. ಈ ಸಂಖ್ಯೆಗಳನ್ನು ಇಂಗ್ಲಿಷರು ಹಿಗ್ಗಿಸಿದ್ದಾರೆ ಎಂಬ ವಾದದಲ್ಲಿ ಹುರುಳಿದೆ. ಘಟನೆಯೇ ನಡೆಯಲಿಲ್ಲ ಎಂಬ ವಾದದಲ್ಲಿಲ್ಲ. ನೇರಳೆ ಅಂಗಿ, ಕೆಂಪು ರುಮಾಲಿನೊಳಗೆ ನಿಂತವನು ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದ ಮಂಗಳೂರಿನ ಹುಡುಗನೂ ಆಗಿರಬಹುದು, ದುರ್ಗದ ಬೇಡರವನೂ ಆಗಿರಬಹುದು, ಕೋಲಾರದ ಕಡೆಯ ಸಾಬರ ಹುಡುಗನೂ ಆಗಿರಬಹುದು. ಕೆಲವರು ಸಂಬಳಕ್ಕೆ, ಕೆಲವರು ನಿಷ್ಠೆಗೆ, ಕೆಲವರು ಬೇರೆ ದಾರಿಯಿಲ್ಲದೆ.

2015ರಲ್ಲಿ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ, 2019ರಲ್ಲಿ ಇನ್ನೊಂದು ಸರಕಾರ ಅದನ್ನು ನಿಲ್ಲಿಸಿದಾಗಲೂ ಬೀದಿಯಲ್ಲಿ ಕೂಗಾಡಿದವರಿಗೆ ಬೇಕಾಗಿದ್ದುದು ಒಬ್ಬ ಸುಲ್ತಾನ ಮಾತ್ರ. ಸಿಪಾಯಿಯ ಹೆಸರೆತ್ತಿದವರು ಎರಡೂ ಕಡೆ ಇರಲಿಲ್ಲ.

ಉಡುಪಿನ ಚರ್ಚೆ ಹಗುರವಾದದ್ದೆಂದು ಓದುಗರು ತಿಳಿಯಬಾರದು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಕಂಪನಿಯ ದೇಶೀ ಸಿಪಾಯಿಗಳು ದಂಗೆಯೆದ್ದದ್ದು ಹೊಸ ಮಾದರಿಯ ರುಮಾಲಿನ ವಿರುದ್ಧ. ಹಣೆಯ ನಾಮ ಅಳಿಸಬೇಕು, ಕಿವಿಯ ಒಂಟಿ ತೆಗೆಯಬೇಕು, ಗಡ್ಡ ಬೋಳಿಸಬೇಕು ಎಂಬ ಆಜ್ಞೆ ಹಿಂದೂ ಮುಸ್ಲಿಮ್ ಇಬ್ಬರನ್ನೂ ಒಟ್ಟಿಗೆ ಕೆರಳಿಸಿತು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿದ್ದರು, ಬಂಡುಕೋರರು ಹಾರಿಸಿದ್ದು ಹುಲಿಯ ಬಾವುಟ. ತನ್ನ ತಲೆಯ ಮೇಲೆ ಏನಿರಬೇಕೆಂಬ ಪ್ರಶ್ನೆಗೆ ನೂರಾರು ಮಂದಿ ಪ್ರಾಣ ಕೊಟ್ಟ ನಾಡಿನಲ್ಲಿ ಆ ತಲೆಗೆ ನಮಗಿಷ್ಟ ಬಂದ ಬಣ್ಣ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಹುಡುಗನಿಗೆ ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತೆಂದು ಕಾಣುತ್ತದೆ. ಚಹಾ ತಂದ ನನ್ನಾಕೆ “ಬೊಂಬೆಗೆ ಇಷ್ಟು ಜಗಳವಾ?” ಎಂದಳು.

ಶ್ರೀರಂಗಪಟ್ಟಣಕ್ಕೆ ಹೋದವರು ಗಮನಿಸಿರಬಹುದು. ಗುಂಬಜ್‌ನ ಹತ್ತಿರವೇ ಸೆರೆಮನೆಯಲ್ಲಿ ಸತ್ತ ಕರ್ನಲ್ ಬೇಯ್ಲಿಯ ಸ್ಮಾರಕವಿದೆ. ಕೋಟೆಯಲ್ಲಿ 1907ರಲ್ಲಿ ಮೈಸೂರು ಸರಕಾರ ನಿಲ್ಲಿಸಿದ ಕಲ್ಲಿನ ಕಂಬದಲ್ಲಿ ಮುತ್ತಿಗೆಯಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ಹೆಸರುಗಳಿವೆ. 1799ರ ಮೇ 4ರಂದು ಅದೇ ಗೋಡೆಯ ಒಳಮಗ್ಗುಲಲ್ಲಿ ಸತ್ತ ಸಾವಿರಾರು ಮೈಸೂರು ಸಿಪಾಯಿಗಳ ಒಂದು ಹೆಸರೂ ಆ ಕಂಬದಲ್ಲಿಲ್ಲ. ಅವರು ಉಟ್ಟದ್ದು ನಮಗೆ ತಿಳಿದಿದೆ, ಎಸೆದ ಬಾಣದ ಉದ್ದ ಸೆಂಟಿಮೀಟರಿನ ಲೆಕ್ಕದಲ್ಲಿ ತಿಳಿದಿದೆ. ಹೆಸರು ತಿಳಿಯದು.

ಮರುದಿನ ಹುಡುಗ ಮತ್ತೆ ಬಂದ. ರಾತ್ರಿಯೆಲ್ಲ ಕೂತು ಅಂಗಿಯ ಉಬ್ಬುಪಟ್ಟೆಗಳನ್ನು ನೀರು ಕಾಗದದಲ್ಲಿ ಉಜ್ಜಿ ಸಮ ಮಾಡಿದ್ದ. ಬಾಣದ ಮೂತಿ ಕತ್ತರಿಸಿ ಕೊಳವೆಯನ್ನು ಮೋಟು ಮಾಡಿದ್ದ, ಜೋಡಿನ ಸುರುಳಿ ತೆಗೆದಿದ್ದ, ಬೆರಳುಗಳನ್ನು ಮಾತ್ರ ಇನ್ನೂ ಕೊರೆಯಬೇಕಿತ್ತು. ಮೈಗೆಲ್ಲ ಬೂದು ಬಣ್ಣದ ಪ್ರೈಮರ್ ಹಚ್ಚಿದ್ದರಿಂದ ಈಗ ಅವನು ಯಾರೂ ಆಗಿರಬಹುದಾದ ಮನುಷ್ಯನಂತೆ ಕಾಣುತ್ತಿದ್ದ. ಕೆಂಪು ಶೀಶೆ ಹೊಸದಾಗಿ ತಂದಿದ್ದ.

“ಗಡ್ಡ ಏನು ಮಾಡುವ ಮಾಮ?”

ನಾನು ಯೋಚಿಸಿದೆ. ಅರ್ಧ ತೆಗೆ, ಮೀಸೆ ಇರಲಿ ಎಂದೆ. ಅವನು ಬ್ಲೇಡು ತೆಗೆದು ಬೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.