ಅಟ್ಲಾಂಟಿಕ್ ದ್ವೀಪಗಳ ಪ್ರವಾಸ ಮತ್ತು ನನ್ನದೊಂದು ಹಳೆಯ ತಪ್ಪು



ಲಿಸ್ಬನ್ನಿನಲ್ಲಿರುವ ಮಗಳು ಮತ್ತು ಅಳಿಯ ಮುಂದಿನ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು, ಅಲ್ಲಿಂದ ಅಜೋರ್ಸ್ ದ್ವೀಪಗಳಿಗೆ ಹತ್ತು ದಿನ ಕರೆದೊಯ್ಯುವುದಾಗಿ ಹೇಳಿದ್ದಾರೆ. ಯಲಹಂಕದ ಮನೆಯ ಊಟದ ಮೇಜಿನ ಮೇಲೆ ಈಗ ನನ್ನ ಹಳೆಯ ಅಟ್ಲಾಸು ಸದಾ ತೆರೆದೇ ಇರುತ್ತದೆ. ವೀಸಾ ಅರ್ಜಿ, ಮೂವತ್ತು ಸಾವಿರ ಯೂರೋಗಳ ಪ್ರಯಾಣ ವಿಮೆ, ಬ್ಯಾಂಕಿನ ಕಾಗದಗಳು ಇವೆಲ್ಲ ಅಳಿಯಂದಿರ ಉಸ್ತುವಾರಿ. ನನಗೆ ಒಪ್ಪಿಸಿರುವ ಕೆಲಸವೆಂದರೆ ಒಂಬತ್ತು ದ್ವೀಪಗಳಲ್ಲಿ ಮೂರನ್ನು ಆರಿಸುವುದು.

ಅಜೋರ್ಸ್ ಲಿಸ್ಬನ್ನಿನಿಂದ ಪಶ್ಚಿಮಕ್ಕೆ ಸುಮಾರು ಸಾವಿರದ ಐನೂರು ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ಜ್ವಾಲಾಮುಖಿ ದ್ವೀಪಸಮೂಹ. ಉತ್ತರ ಅಮೆರಿಕ, ಯೂರೋಪು, ಆಫ್ರಿಕ ಈ ಮೂರು ಭೂಫಲಕಗಳು ಕೂಡುವ ಜಾಗವದು. 1957-58ರಲ್ಲಿ ಫಾಯಲ್ ದ್ವೀಪದಂಚಿನ ಸಮುದ್ರದಲ್ಲಿ ಜ್ವಾಲಾಮುಖಿ ಸ್ಫೋಟಿಸಿ, ಹೊಸ ನೆಲವೇ ಮೇಲೆದ್ದಿತು. ಬೂದಿಯಲ್ಲಿ ಹೊಲಮನೆಗಳನ್ನು ಕಳೆದುಕೊಂಡ ಸಾವಿರಾರು ಜನ ಅಮೆರಿಕಕ್ಕೆ ವಲಸೆ ಹೋದರು. ಸಾವೊ ಮಿಗೆಲ್ ದ್ವೀಪದ ಫುರ್ನಾಸ್ ಎಂಬಲ್ಲಿ ಪಾತ್ರೆಯನ್ನು ಬಿಸಿನೆಲದಲ್ಲಿ ಹೂತಿಟ್ಟು ಗಂಟೆಗಟ್ಟಲೆ ಬೇಯಿಸುತ್ತಾರೆ. ಅದು ಮಾಂಸದ ಅಡುಗೆಯೆಂದು ತಿಳಿದು ನನ್ನಾಕೆ ಮುಖ ಸಪ್ಪಗೆ ಮಾಡಿದಳು. ಅಲ್ಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಮುಸುಕಿನ ಜೋಳವನ್ನೂ ಬೇಯಿಸಿ ಮಾರುತ್ತಾರೆಂದು ಹೇಳಿದ ಮೇಲೆ ಸಮಾಧಾನವಾಯಿತು. 1883ರಿಂದ ನಡೆಯುತ್ತಿರುವ ಚಹಾ ತೋಟವೊಂದು ಅದೇ ದ್ವೀಪದಲ್ಲಿದೆ. ಹೀಗೆ ಮೊದಲನೆಯದು ಸಾವೊ ಮಿಗೆಲ್ ಎಂದಾಯಿತು. ಎರಡನೆಯದು 2,351 ಮೀಟರು ಎತ್ತರದ ಶಿಖರವಿರುವ ಪೀಕೊ. ಹತ್ತಲಾಗದಿದ್ದರೂ ಕೆಳಗೆ ನಿಂತು ನೋಡಬಹುದಲ್ಲ!

ಮೂರನೆಯದಾಗಿ ನಾನು ತೆರ್ಸೈರಾ ದ್ವೀಪವನ್ನು ಬರೆದೆ. ಮಗಳು ದೂರವಾಣಿಯಲ್ಲಿ, "ಅಪ್ಪ, ಅಲ್ಲಿಗಿಂತ ಚೆನ್ನಾದ ಸರೋವರಗಳು ಬೇರೆ ಕಡೆ ಇವೆ, ಅದೇ ಏಕೆ?" ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ನನ್ನ ವಿದ್ಯಾರ್ಥಿಗಳೆದುರು ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರಿಗೆ ಮಲ್ಪೆಯ ಶಾಲಾ ಪ್ರವಾಸ ನೆನಪಿರಬಹುದು. ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡುತ್ತಾ, ಘಟ್ಟ ಇಳಿಯುವಾಗ ಅರ್ಧ ಮಂದಿ ವಾಂತಿ ಮಾಡಿಕೊಳ್ಳುತ್ತಾ ಉಡುಪಿ ಸೇರಿದೆವು. ಕೃಷ್ಣ ಮಠದಲ್ಲಿ ಊಟ ಮುಗಿಸಿ, ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಯಾರೋ ಕಡೆದು ನಿಲ್ಲಿಸಿದಂತಿರುವ ಆ ಆರು ಮೂಲೆಯ ಕಲ್ಲುಕಂಬಗಳ ಮೇಲೆ ನಿಮ್ಮನ್ನೆಲ್ಲ ಕೂರಿಸಿ ನಾನು ಪಾಠ ಶುರುಮಾಡಿದೆ. ಇವು ಜ್ವಾಲಾಮುಖಿಯ ಶಿಲೆಗಳು, ಲಾವಾರಸ ಆರಿ ಕುಗ್ಗುವಾಗ ಹೀಗೆ ಸೀಳುತ್ತದೆ, ಎಂದದ್ದು ಸರಿಯಾಗಿಯೇ ಇತ್ತು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು ಎಂಟೂವರೆ ಕೋಟಿ ವರ್ಷಗಳಿಗೂ ಹಿಂದಿನ ಕಲ್ಲುಗಳವು.

ಆಮೇಲೆ ನಾನು, "ಮಕ್ಕಳೇ, 1498ರಲ್ಲಿ ವಾಸ್ಕೋ ಡ ಗಾಮ ಮೊದಲು ಇಲ್ಲಿಗೆ ಬಂದು, ಶಿಲುಬೆ ನೆಟ್ಟು, ಅನಂತರ ಕಲ್ಲಿಕೋಟೆಗೆ ಹೋದನು" ಎಂದೆ. ಆಗ ಹಿಂದೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆಫ್ರಿಕದಿಂದ ಬರುವವನಿಗೆ ಕಲ್ಲಿಕೋಟೆ ದಕ್ಷಿಣದಲ್ಲಿದೆ. ಅಷ್ಟು ಮೇಲಕ್ಕೆ ಬಂದು ಮತ್ತೆ ಕೆಳಕ್ಕೆ ಏಕೆ ಹೋದ?" ಎಂದು ಕೇಳಿದಳು. ನಾನು ಏನು ಹೇಳಿದೆನೆಂಬುದು ಈಗಲೂ ನೆನಪಿದೆ. "ಕೂತ್ಕೊಳಮ್ಮ, ಬೋಟು ಹೊರಡೋ ಹೊತ್ತಾಯ್ತು."

ಅವಳ ಪ್ರಶ್ನೆಯೇ ಸರಿಯಾಗಿತ್ತು. ತೆರ್ಸೈರಾ ಕುರಿತು ಓದಲು ಹೋಗಿ, ಗಾಮನ ತಂಡದಲ್ಲಿದ್ದವನೊಬ್ಬ ಬರೆದ ದಿನಚರಿಯ ಇಂಗ್ಲಿಷ್ ಅನುವಾದವನ್ನು ಮೊದಲಿನಿಂದ ಓದಿದೆ. ನಾಲ್ಕು ಹಡಗುಗಳು 1497ರ ಜುಲೈ 8ರಂದು ಲಿಸ್ಬನ್ ಬಿಟ್ಟವು. ಮುಖ್ಯ ಹಡಗು ಸಾವೊ ಗೇಬ್ರಿಯಲ್‌ನಲ್ಲಿ ವಾಸ್ಕೋ. ಸಾವೊ ರಫಾಯೆಲ್‌ನಲ್ಲಿ ಅವನ ಅಣ್ಣ ಪಾವ್ಲೊ ಡ ಗಾಮ. ಅಣ್ಣನೊಬ್ಬ ಜೊತೆಗಿದ್ದನೆಂಬುದನ್ನು ಇಷ್ಟು ವರ್ಷ ಪಾಠ ಮಾಡಿದರೂ ನಾನು ಒಮ್ಮೆಯೂ ಹೇಳಿರಲಿಲ್ಲ. ಕೇಪ್ ವರ್ಡೆ ದ್ವೀಪಗಳಲ್ಲಿ ನೀರು ತುಂಬಿಕೊಂಡು, ಆಫ್ರಿಕವನ್ನು ಸುತ್ತಿ, ಮಾಲಿಂದಿಯಲ್ಲಿ ದಾರಿ ಬಲ್ಲ ನಾವಿಕನನ್ನು ಪಡೆದು, ಅನುಕೂಲ ಮಾರುತದಲ್ಲಿ ಇಪ್ಪತ್ತಮೂರೇ ದಿನಗಳಲ್ಲಿ ಅರಬ್ಬೀ ಸಮುದ್ರ ದಾಟಿ ಅವರು ನೇರವಾಗಿ ಮಲಬಾರಿಗೆ ಬಂದರು. 1498ರ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದರು. ನಮ್ಮ ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸಿದ್ದಕ್ಕಿಂತ 39 ವರ್ಷ ಮೊದಲಿನ ಮಾತು ಇದು.

ನಮ್ಮ ಕರಾವಳಿಗೆ ಅವರು ಬಂದದ್ದು ಹಿಂದಿರುಗುವಾಗ. ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆ ಬಿಟ್ಟು ಉತ್ತರಕ್ಕೆ ಸಾಗುತ್ತಾ, ಸೆಪ್ಟೆಂಬರ್ ನಡುವಿನಲ್ಲಿ ದಡದೆದುರಿನ ನಡುಗಡ್ಡೆಯೊಂದರಲ್ಲಿ ಕಂಬ ನೆಟ್ಟು ಅದಕ್ಕೆ ಸಾಂತಾ ಮಾರಿಯಾ ಎಂದು ಹೆಸರಿಟ್ಟರು. ದಿನಚರಿಯಲ್ಲಿ ಮಲ್ಪೆಯ ಹೆಸರಿಲ್ಲ. ಅದು ನಮ್ಮ ಸೇಂಟ್ ಮೇರೀಸ್ ಎಂಬುದು ರೂಢಿಯಿಂದ ಬಂದ ಗುರುತು. ಸ್ವಾರಸ್ಯವೆಂದರೆ ಅಜೋರ್ಸಿನಲ್ಲಿಯೂ ಸಾಂತಾ ಮಾರಿಯಾ ಎಂಬ ದ್ವೀಪವಿದೆ. ಆ ಸಮೂಹದಲ್ಲೆಲ್ಲ ಹಿರಿಯದು ಅದೇ. ಆದರೂ ಅದರ ವಯಸ್ಸು ಸುಮಾರು ಅರವತ್ತು ಲಕ್ಷ ವರ್ಷ. ನಮ್ಮ ಮಲ್ಪೆಯ ಕಲ್ಲುಗಳ ಮುಂದೆ ಅದಿನ್ನೂ ಹಸುಗೂಸು!

ಅಲ್ಲಿಂದ ಕಾರವಾರದ ಬಳಿಯ ಅಂಜದೀವಕ್ಕೆ ಹೋಗಿ, ಹಡಗುಗಳನ್ನು ಕೆರೆದು ದುರಸ್ತಿ ಮಾಡಿಕೊಂಡು, ಅಕ್ಟೋಬರ್ 5ರಂದು ಹೊರಟರು. ಅವರ ಅನರ್ಥ ಆರಂಭವಾದದ್ದು ಇಲ್ಲಿಯೇ. ಈಶಾನ್ಯ ಮಾರುತ ಇನ್ನೂ ನೆಲೆಗೊಂಡಿರಲಿಲ್ಲ. ಗಾಳಿಯೇ ಇಲ್ಲ, ಇಲ್ಲವೇ ಎದುರುಗಾಳಿ. ಬರುವಾಗ ಇಪ್ಪತ್ತಮೂರು ದಿನಗಳಲ್ಲಿ ದಾಟಿದ ಸಮುದ್ರವನ್ನು ಹೋಗುವಾಗ ದಾಟಲು ಹತ್ತಿರಹತ್ತಿರ ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿಗಳಿಲ್ಲದೆ ಸ್ಕರ್ವಿ ಹಬ್ಬಿತು. ವಸಡುಗಳು ಹಲ್ಲುಗಳನ್ನು ಮುಚ್ಚುವಂತೆ ಊದಿ ಉಣ್ಣಲಾಗದಾಯಿತು, ಕಾಲುಗಳು ಬಾತವು. ಆ ದಾರಿಯಲ್ಲಿ ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನರಷ್ಟೇ ಉಳಿದರು. ಮಾಲಿಂದಿ ಮುಟ್ಟಿದಾಗ ರೋಗಿಗಳು ಹಂಬಲಿಸುತ್ತಿದ್ದ ಕಿತ್ತಳೆಗಾಗಿ ದಡಕ್ಕೆ ಆಳನ್ನು ಕಳುಹಿಸಿದರೆಂದು ದಿನಚರಿ ಹೇಳುತ್ತದೆ. ನಡೆಸಲು ಜನ ಸಾಲದೆ ಪಾವ್ಲೊನ ಹಡಗನ್ನು 1499ರ ಜನವರಿಯಲ್ಲಿ ಸುಟ್ಟುಹಾಕಿದರು.

ಆ ದಿನಚರಿ 1499ರ ಏಪ್ರಿಲ್‌ನಲ್ಲಿ, ಪಶ್ಚಿಮ ಆಫ್ರಿಕದ ಬಳಿ, ಥಟ್ಟನೆ ನಿಂತುಹೋಗುತ್ತದೆ. ಮುಂದಿನದನ್ನು ಪೋರ್ಚುಗೀಸ್ ಚರಿತ್ರಕಾರರು ಬರೆದಿದ್ದಾರೆ. ಪಾವ್ಲೊನ ಸ್ಥಿತಿ ಕೆಟ್ಟಿತು. ಕೇಪ್ ವರ್ಡೆಯಲ್ಲಿ ವಾಸ್ಕೋ ತನ್ನ ಹಡಗನ್ನು ಬೇರೊಬ್ಬನಿಗೆ ಒಪ್ಪಿಸಿ, ವೇಗದ ಚಿಕ್ಕ ಹಡಗೊಂದನ್ನು ಬಾಡಿಗೆಗೆ ಹಿಡಿದು, ಅಣ್ಣನನ್ನು ಬೇಗ ಊರು ಸೇರಿಸಲು ಹೊರಟನು. ಜಗತ್ತೇ ಮಾತನಾಡುವ ಸುದ್ದಿಯನ್ನು ದೊರೆಗೆ ತಾನೇ ಮೊದಲು ಮುಟ್ಟಿಸುವ ಕೀರ್ತಿ ಅವನದಾಗಬೇಕಿತ್ತು. ಜುಲೈ 10ರಂದು ಮತ್ತೊಂದು ಹಡಗು ಮೊದಲೇ ಲಿಸ್ಬನ್ ತಲಪಿತು. ಇತ್ತ ಚಿಕ್ಕ ಹಡಗು ತೆರ್ಸೈರಾ ದ್ವೀಪವನ್ನಷ್ಟೇ ಮುಟ್ಟಲು ಸಾಧ್ಯವಾಯಿತು. ಪಾವ್ಲೊ ಅಲ್ಲಿ ತೀರಿಕೊಂಡನು. ಆಂಗ್ರಾ ಪಟ್ಟಣದ ಸಾವೊ ಫ್ರಾನ್ಸಿಸ್ಕೊ ಮಠದಲ್ಲಿ ಅವನನ್ನು ಹೂಳಿದರು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಹೊರಟಿದ್ದ ಸುಮಾರು 170 ಮಂದಿಯಲ್ಲಿ ಮರಳಿದವರು ಮೂರರಲ್ಲಿ ಒಂದು ಪಾಲು.

ಇಷ್ಟು ಓದಿದಾಗ ನನಗೆ ಗಾಮನ ಬಗ್ಗೆ ಮರುಕ ಹುಟ್ಟಿತು. ಆದರೆ ಇತಿಹಾಸದ ಮೇಷ್ಟ್ರು ಅಲ್ಲಿಗೇ ಪುಟ ಮುಚ್ಚಿದರೆ ಎರಡನೆಯ ತಪ್ಪು ಮಾಡಿದಂತೆ. ಮೂರೇ ವರ್ಷಗಳ ಅನಂತರ, 1502ರಲ್ಲಿ, ಅದೇ ವಾಸ್ಕೋ ದೊಡ್ಡ ನೌಕಾಪಡೆಯೊಂದಿಗೆ ಮತ್ತೆ ಬಂದನು. ಮಲಬಾರಿನ ಸಮುದ್ರದಲ್ಲಿ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ಹಡಗೊಂದನ್ನು ಹಿಡಿದು, ಹಣ ಒಡವೆ ಕಿತ್ತುಕೊಂಡು, ನೂರಾರು ಪ್ರಯಾಣಿಕರಿದ್ದಂತೆಯೇ ಬೆಂಕಿ ಹಚ್ಚಿಸಿದನು. ತಾಯಂದಿರು ಕೂಸುಗಳನ್ನು ಎತ್ತಿ ತೋರಿಸಿ ಬೇಡಿಕೊಂಡರೆಂದು ಪೋರ್ಚುಗೀಸರೇ ಬರೆದಿದ್ದಾರೆ. ಆ ಹಡಗಿನಲ್ಲಿಯೂ ಅಣ್ಣತಮ್ಮಂದಿರು ಇದ್ದಿರಲೇಬೇಕು. ಸಾಯುವ ಅಣ್ಣನಿಗಾಗಿ ಕೀರ್ತಿಯನ್ನೇ ಬಿಟ್ಟವನಿಗೆ ಅವರು ಕಾಣಿಸಲಿಲ್ಲ. ಆ ಪ್ರೀತಿ ಸುಳ್ಳಲ್ಲ, ಈ ಕ್ರೌರ್ಯವೂ ಸುಳ್ಳಲ್ಲ. ಎರಡನ್ನೂ ಒಟ್ಟಿಗೆ ಹೇಳದೆ, "ಭಾರತಕ್ಕೆ ಜಲಮಾರ್ಗ ಕಂಡುಹಿಡಿದವನು ಯಾರು?" ಎಂಬ ಒಂದಂಕದ ಪ್ರಶ್ನೆಯಲ್ಲಿ ನಾನು ಅವನನ್ನು ಮುಗಿಸಿಬಿಡುತ್ತಿದ್ದೆ.

ಆದ್ದರಿಂದ ತೆರ್ಸೈರಾ. ನಮ್ಮ ಕರಾವಳಿಯಲ್ಲಿ ಕಂಬ ನೆಟ್ಟು ಹೋದ ಆ ತಂಡದ ಒಬ್ಬನು ಮಣ್ಣಾದ ಜಾಗದಲ್ಲಿ ಒಂದು ಗಳಿಗೆ ನಿಂತು ಬರಬೇಕು ಎಂದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಅಪ್ಪ, ಅಲ್ಲಿ ಎರಡು ದಿನ ಇಡೋಣ" ಎಂದಳು.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಎಲ್ಲಿರುವಳೋ ನಾನರಿಯೆ. ಇದನ್ನು ಓದುತ್ತಿದ್ದರೆ ಅವಳಿಗೊಂದು ಮಾತು: ಅಮ್ಮಾ, ನಿನ್ನ ನಕ್ಷೆ ಸರಿಯಿತ್ತು, ನಿನ್ನ ಮೇಷ್ಟ್ರ ಪಾಠ ತಪ್ಪಿತ್ತು. ಮಳೆಗಾಲ ಕಳೆದು ಮಲ್ಪೆಯ ದೋಣಿಗಳು ಮತ್ತೆ ಹೊರಟ ಮೇಲೆ, ಅಜೋರ್ಸಿಗೆ ಹೋಗುವ ಮೊದಲು, ನಾನು ಸೇಂಟ್ ಮೇರೀಸ್ ದ್ವೀಪಕ್ಕೆ ಇನ್ನೊಮ್ಮೆ ಹೋಗಬೇಕೆಂದಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಬರುವವರಿದ್ದರೆ ತಿಳಿಸಿ. ಅದೇ ಕಲ್ಲುಗಳ ಮೇಲೆ ಕುಳಿತು ಆ ಪಾಠವನ್ನು ಈ ಬಾರಿ ಸರಿಯಾಗಿ ಮಾಡುತ್ತೇನೆ. ಪ್ರಶ್ನೆ ಕೇಳಿದರೆ ಬೋಟಿನ ನೆಪ ಹೇಳುವುದಿಲ್ಲ.