ಕಾಳಿಯ ಕಲ್ಲು, ಕರಿಯನ ಊಳು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲಿದೆ. ಮೂಲತಃ ಮದ್ದೂರು ತಾಲ್ಲೂಕಿನ ಆತಕೂರಿನದು. ಕಲ್ಲಿನಲ್ಲಿ ನಾಯಿಯೊಂದು ಕಾಡುಹಂದಿಯ ಜೊತೆ ಸೆಣಸುತ್ತಿದೆ, ಸುತ್ತ ಹಳಗನ್ನಡದ ಅಕ್ಷರಗಳು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ತಕ್ಕೋಲಂ ಯುದ್ಧದ ದಾಖಲೆ. ನನಗಂತೂ ಇದು ನಾಯಿಯ ಕಲ್ಲು!

ಕಥೆ ಹೀಗಿದೆ. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲಂನಲ್ಲಿ ಯುದ್ಧವಾಯಿತು. ಚೋಳರ ರಾಜಾದಿತ್ಯ ಸತ್ತ. ಕೃಷ್ಣನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನಿಗೆ ಮಣಲೇರ ಅನ್ನುವ ಸೇವಕನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕೋ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೇಳಿದ. ಆಮೇಲೆ ಬೆಳತೂರಿನ ಹತ್ತಿರದ ಗುಡ್ಡದಲ್ಲಿ ಆ ನಾಯಿ ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ಅಂತ ಶಾಸನದಲ್ಲೇ ಬರೆಸಿದರು. ನೋಡಿ, ಒಂದು ನಾಯಿಗೆ!

ಆದರೆ ಇಲ್ಲಿ ಸತ್ತಿದ್ದು ನಾಯಿ, ಅತ್ತಿದ್ದು ಮನುಷ್ಯ. ಉಲ್ಟಾ ಆದಾಗ? ಮನೆಯ ಯಜಮಾನ ಸತ್ತು ನಾಯಿ ಉಳಿದರೆ ಅದರ ಲೆಕ್ಕ ಯಾರು ಬರೆಯುತ್ತಾರೆ?

ಒಂದೇ ಒಂದು ಉದಾಹರಣೆ ನನಗೆ ಗೊತ್ತು, ಅದೂ ಪಕ್ಕದ ತಮಿಳುನಾಡಿನದು. ತಿರುವಣ್ಣಾಮಲೈ ಕಡೆಯ ಎಡುತ್ತನೂರಿನಲ್ಲಿ 7ನೇ ಶತಮಾನದ, ಮಹೇಂದ್ರವರ್ಮ ಪಲ್ಲವನ ಕಾಲದ ವೀರಗಲ್ಲಿದೆ. ದನ ಕಾಯಲು ಹೋಗಿ ಸತ್ತ ವೀರನ ಪಕ್ಕದಲ್ಲಿ ಅವನ ನಾಯಿ. ಅದರ ಹೆಸರು ಕೋವಿವನ್. ಅದು ಇಬ್ಬರು ಕಳ್ಳರನ್ನು ಕಚ್ಚಿ, ಕಾದುಕೊಂಡಿತ್ತು ಅಂತ ಬರೆದಿದೆ. ಕಾವಲು ಅಂತಲೂ ಆಗುತ್ತದೆ, ಕಾಯುವಿಕೆ ಅಂತಲೂ ಆಗುತ್ತದೆ. ಕನ್ನಡದಲ್ಲೂ "ಕಾಯುವುದು" ಎರಡಕ್ಕೂ ಒಂದೇ ಮಾತಲ್ಲವೇ?

ನಮ್ಮ ಮಾದಿಹಳ್ಳಿಯವರಿಗೆ ಒಡೆಯನ ಹಿಂದೆಯೇ ಹೋದವರ ಕಥೆ ಹೊಸದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿರುವ ಗರುಡ ಕಂಬವನ್ನು ಪ್ರವಾಸಿಗರು ಅಷ್ಟಾಗಿ ನೋಡುವುದಿಲ್ಲ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ಸಾವಿರ ವೀರರೊಂದಿಗೆ ಪ್ರಾಣ ಕೊಟ್ಟ ಅಂತ ಅದರ ಶಾಸನ ಹೇಳುತ್ತದೆ. ಕಂಬದ ಮೇಲೆ ತಮ್ಮ ತಲೆ ತಾವೇ ಕೊಯ್ದುಕೊಳ್ಳುವವರ ಚಿತ್ರಗಳಿವೆ. ಅದು ಮೊದಲೇ ಇಟ್ಟುಕೊಂಡ ಭಾಷೆ. ಒಂದು ಪ್ರಾಣಿ ಯಾರಿಗೂ ಭಾಷೆ ಕೊಟ್ಟಿರುವುದಿಲ್ಲ.

ಇಷ್ಟೆಲ್ಲ ಯಾಕೆ ಹುಡುಕಿದೆ ಅಂದರೆ, ನಮ್ಮ ದೊಡ್ಡಪ್ಪ ತೀರಿಕೊಂಡಾಗ ಮನೆಯಲ್ಲಿ ಒಂದು ಜಗಳವಾಯಿತು. ದೊಡ್ಡಪ್ಪನ ನಾಯಿ ಕರಿಯ ದಿನಾ ಬೆಳಿಗ್ಗೆ ಹಾಲಿನ ಕ್ಯಾನಿನ ಹಿಂದೆ ಡೈರಿಗೆ ಹೋಗಿ ಬರುತ್ತಿತ್ತು. ಅವರು ಹೋದ ಮೇಲೂ ಅದೇ ಹೊತ್ತಿಗೆ ಒಬ್ಬಂಟಿಯಾಗಿ ಹೋಗಿ, ಡೈರಿ ಬಾಗಿಲು ಹಾಕುವ ತನಕ ಕೂತು, ವಾಪಸ್ ಬಂದು ಜಗಲಿಯ ಮೇಲಿನ ಅವರ ಕಂಬಳಿಯ ಹತ್ತಿರ ಮಲಗುತ್ತಿತ್ತು. ಮುದ್ದೆ ಹಾಕಿದರೆ ಮೂಸಿ ಬಿಡುತ್ತಿತ್ತು. ರಾತ್ರಿ ಊಳಿಡುತ್ತಿತ್ತು. ನಾಯಿ ಊಳಿಟ್ಟರೆ ಇನ್ನೊಂದು ಸಾವು ಅನ್ನುವ ನಂಬಿಕೆ ನಿಮಗೂ ಗೊತ್ತು. ತಿಥಿಗೆ ಬಂದ ನೆಂಟರು, ಇದನ್ನ ಟೆಂಪೋ ಹತ್ತಿಸಿ ಅರಸೀಕೆರೆ ಸಂತೆ ಹತ್ತಿರ ಬಿಟ್ಟು ಬನ್ನಿ ಅಂದರು. ದೊಡ್ಡಮ್ಮ ಒಂದೇ ಮಾತು ಹೇಳಿದರು: "ನಾನು ಅತ್ರೆ ಯಾರೂ ಬಿಟ್ಟು ಬನ್ನಿ ಅನ್ನಲ್ವಲ್ಲಪ್ಪ."

ಕೊಟ್ಟಿಗೆಯಲ್ಲಿ ಇನ್ನೊಂದು ಕಥೆ. ದೊಡ್ಡಪ್ಪನೇ ಕರೆಯುತ್ತಿದ್ದ ಹಸು ಬೇರೆಯವರಿಗೆ ಹಾಲು ಬಿಡಲಿಲ್ಲ. ಇದಕ್ಕೆ ಶರೀರದೊಳಗಿನ ಕಾರಣವಿದೆ. ಪರಿಚಿತ ಕೈ, ದನಿಗೆ ಹಸುವಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಗಾಬರಿಯಾದರೆ ಅಡ್ರಿನಲಿನ್ ಅದನ್ನು ತಡೆಯುತ್ತದೆ. ದೊಡ್ಡಮ್ಮ ಇದನ್ನು ಓದಿದವರಲ್ಲ. ದೊಡ್ಡಪ್ಪನ ಟವೆಲನ್ನೇ ತಲೆಗೆ ಸುತ್ತಿಕೊಂಡು ಕರೆಯಲು ಕೂತರು. ಮೂರು ನಾಲ್ಕು ದಿನದಲ್ಲಿ ಹಸು ಹಾಲು ಬಿಟ್ಟಿತು.

ಹಾಗಾದರೆ ಇದು ದುಃಖವೋ, ಬರೀ ಅಭ್ಯಾಸವೋ? ಚಾರ್ಲ್ಸ್ ಡಾರ್ವಿನ್ 1872ರಲ್ಲೇ ಪ್ರಾಣಿಗಳ ಭಾವನೆಗಳ ಬಗ್ಗೆ ಪುಸ್ತಕ ಬರೆದ. ಅದೇ 1872ರ ನೂರು ವರ್ಷದ ನಂತರ, 1972ರಲ್ಲಿ, ಗೊಂಬೆಯ ಕಾಡಿನಲ್ಲಿ ಫ್ಲೋ ಎಂಬ ತಾಯಿ ಚಿಂಪಾಂಜಿ ಸತ್ತಾಗ ಅದರ ಮಗ ಫ್ಲಿಂಟ್ ಊಟ ಬಿಟ್ಟು ಕೆಲವೇ ವಾರಗಳಲ್ಲಿ ಸತ್ತಿದ್ದನ್ನು ಜೇನ್ ಗುಡಾಲ್ ದಾಖಲಿಸಿದರು. 2022ರಲ್ಲಿ ಇಟಲಿಯ ಸಂಶೋಧಕರು 426 ಜನರನ್ನು ಕೇಳಿದರು. ಮನೆಯ ಒಂದು ನಾಯಿ ಸತ್ತ ಮೇಲೆ ಉಳಿದ ನಾಯಿಯ ನಡವಳಿಕೆ ಬದಲಾಯಿತು ಅಂದವರು ಶೇ. 86. ಸುಮಾರು ಮೂರನೇ ಒಂದು ಭಾಗದಷ್ಟು ನಾಯಿಗಳು ಊಟ ಕಡಿಮೆ ಮಾಡಿದ್ದವು. ಆದರೆ ಇದು ಮನೆಯವರು ಹೇಳಿದ್ದು. ಅವರ ಸ್ವಂತ ಸಂಕಟವೂ ಅದರಲ್ಲಿ ಸೇರಿರಬಹುದು.

ಜಪಾನಿನ ಹಾಚಿಕೋ ಕಥೆಯಲ್ಲೂ ಈ ತಕರಾರಿದೆ. ಪ್ರೊಫೆಸರ್ ಉಯೆನೋ 1925ರಲ್ಲಿ ತೀರಿಕೊಂಡರು. ನಾಯಿ 1935ರಲ್ಲಿ ಸಾಯುವ ತನಕ ಶಿಬುಯಾ ರೈಲು ನಿಲ್ದಾಣಕ್ಕೆ ಬರುತ್ತಲೇ ಇತ್ತು. ಅಲ್ಲಿ ಜನ ತಿಂಡಿ ಹಾಕುತ್ತಿದ್ದರು, ಅದಕ್ಕೇ ಬರುತ್ತಿತ್ತು ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಕರಿಯನಿಗೆ ಡೈರಿಯಲ್ಲಿ ಯಾರೂ ಏನೂ ಹಾಕುತ್ತಿರಲಿಲ್ಲ. ನಾಯಿಗೆ ಸಾವು ಅರ್ಥವಾಗುತ್ತದೆ ಅಂತ ನಾನು ವಾದಿಸಲಾರೆ. ಒಬ್ಬರು ಇಲ್ಲ ಅನ್ನುವುದಂತೂ ಅದಕ್ಕೆ ಗೊತ್ತಾಗುತ್ತದೆ. ಊಳು ಮುಂದಿನ ಸಾವಿನ ಶಕುನವಲ್ಲ, ಆಗಿಹೋದ ಸಾವಿನ ಮಾತು.

ನಿಮ್ಮ ಮನೆಯಲ್ಲಿ ಹೀಗಾದರೆ ದಯವಿಟ್ಟು ಅದನ್ನು ಊರಾಚೆ ಬಿಡಬೇಡಿ. ಊಟ, ಓಡಾಟದ ಹೊತ್ತು ಬದಲಿಸಬೇಡಿ. ಹೋದವರ ಒಂದು ಬಟ್ಟೆಯನ್ನು ಒಗೆಯದೆ ಅದರ ಹತ್ತಿರ ಬಿಡಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ, ಯಾಕೆಂದರೆ ಅದು ದುಃಖವಲ್ಲದೆ ಕಾಯಿಲೆಯೂ ಆಗಿರಬಹುದು.

2023ರ ಡಿಸೆಂಬರ್ 4ರಂದು ನಮ್ಮದೇ ಜಿಲ್ಲೆಯ ಯಸಳೂರಿನ ಕಾಡಿನಲ್ಲಿ ದಸರಾ ಆನೆ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತಾಗ ಅವನ ಮಾವುತ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು. ಅದು ಸಹಜ ಅಂತ ಯಾರೂ ಅನುಮಾನಿಸಲಿಲ್ಲ. ಮಣಲೇರನನ್ನೂ ಅವನ ಕಾಲದವರು ಅನುಮಾನಿಸಿದಂತಿಲ್ಲ, ಭೂಮಿಯನ್ನೇ ಬಿಟ್ಟರು. ಜಗಲಿಯ ಮೇಲೆ ಕಂಬಳಿ ಕಾಯುವ ನಾಯಿಗೆ ಭೂಮಿ ಬೇಡ, ಕಲ್ಲೂ ಬೇಡ. ನಾಲ್ಕು ದಿನ ಊಳಿಡಲು ಬಿಟ್ಟರೆ ಸಾಕು.